ಕೀಮೋಥೆರಪಿಗೆ ಬಲ ತುಂಬುವ ಪ್ರಯತ್ನದಲ್ಲಿ ಕೆಫೀನ್ ಬಳಗದ ಸಂಯುಕ್ತಗಳು

ಕ್ಯಾನ್ಸರ್ ಔಷಧಗಳ ಜೊತೆಗೆ ಕೆಫೀನನ್ನೋ ಅದರ ರಾಸಾಯನಿಕ ಬಂಧುಗಳಾದ ಥಿಯೋಫಿಲಿನ್, ಪೆಂಟಾಕ್ಸಿಫಿಲಿನ್ ಮುಂತಾದವನ್ನೋ ಕೊಟ್ಟು ಗೆಡ್ಡೆಯ ಜೀವಕೋಶಗಳನ್ನು ಇನ್ನಷ್ಟು ಸುಲಭವಾಗಿ ಸಾಯಿಸಬಹುದೇ ಎಂಬ ಹುಡುಕಾಟಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಉಪಾಯ ಮತ್ತೆ ಮತ್ತೆ ಫಲ ಕೊಟ್ಟಿದೆ. ರೋಗಿಗಳ ವಿಷಯದಲ್ಲಿ ಒಂದೆರಡು ಕಡೆ ಆಸೆ ಹುಟ್ಟಿಸಿದ್ದರೂ ಯಾವ ಕ್ಯಾನ್ಸರಿನಲ್ಲೂ ಜಗತ್ತಿನಾದ್ಯಂತ ಒಪ್ಪಿತವಾದ ಚಿಕಿತ್ಸೆಯಾಗಿ ನೆಲೆಯೂರಿಲ್ಲ. ಆದರೂ ಈ ವಿಷಯಕ್ಕೆ ವೈದ್ಯವಿಜ್ಞಾನದಲ್ಲಿ ದೊಡ್ಡ ಸ್ಥಾನವಿದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಜೀವಕೋಶ ಹೇಗೆ ತನ್ನನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ತೋರಿಸಿಕೊಟ್ಟವುಗಳಲ್ಲಿ ಕೆಫೀನ್ ಮುಖ್ಯವಾದದ್ದು. ಆ ತಿಳಿವಳಿಕೆಯನ್ನೇ ಆಧಾರ ಮಾಡಿಕೊಂಡ ಹೊಸ ಔಷಧಗಳು ಇಂದು ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಒಳಗಾಗುತ್ತಿವೆ.

ಬಳಗದ ಪರಿಚಯ

ಕಾಫಿ ಬೀಜದಿಂದ ಕೆಫೀನನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನ ವಿಜ್ಞಾನಿ ಫ್ರೀಡ್ಲೀಬ್ ಫರ್ಡಿನಾಂಡ್ ರುಂಗೆ, 1819ರ ಸುಮಾರಿಗೆ. ಅದಕ್ಕೆ ಬೇಕಾದ ಬೀಜಗಳನ್ನು ಕೈಗಿತ್ತು ಪರೀಕ್ಷಿಸಲು ಹೇಳಿದವನು ಮಹಾಕವಿ ಗಯಟೆ. ಶತಮಾನದ ಕೊನೆಯ ಹೊತ್ತಿಗೆ ಎಮಿಲ್ ಫಿಷರ್ ಅದರ ಅಣುರಚನೆಯನ್ನು ಖಚಿತಪಡಿಸಿ, ಪ್ರಯೋಗಾಲಯದಲ್ಲೇ ಅದನ್ನು ತಯಾರಿಸಿದ. ಜಾಂಥೀನ್ ಎಂಬ ಜೋಡಿ ಉಂಗುರದ ಅಣುವಿಗೆ ಮೂರು ಮೀಥೈಲ್ ಗುಂಪುಗಳು ಅಂಟಿಕೊಂಡರೆ ಕೆಫೀನ್. ಎರಡೇ ಅಂಟಿಕೊಂಡರೆ, ಅವು ಇರುವ ಜಾಗವನ್ನು ಅವಲಂಬಿಸಿ, ಚಹಾದಲ್ಲಿರುವ ಥಿಯೋಫಿಲಿನ್ ಅಥವಾ ಕೋಕೋದಲ್ಲಿರುವ ಥಿಯೋಬ್ರೋಮಿನ್. ಈ ಗುಂಪಿಗೆ ಮೀಥೈಲ್‌ಜಾಂಥೀನ್‌ಗಳು ಎಂದು ಹೆಸರು. ಥಿಯೋಫಿಲಿನ್ ಆಸ್ತಮಾ ಔಷಧವಾಗಿ ಹಳೆಯದು. ಕೃತಕವಾಗಿ ತಯಾರಾದ ಪೆಂಟಾಕ್ಸಿಫಿಲಿನ್ ಕಾಲಿನ ರಕ್ತನಾಳಗಳು ಕಿರಿದಾಗಿ ನಡೆಯುವಾಗ ಮೀನಖಂಡ ನೋಯುವವರಿಗೆ ಕೊಡುವ ಮಾತ್ರೆ.

ಈ ಜೋಡಿ ಉಂಗುರ ಡಿಎನ್‌ಎಯ ಅಡೆನೀನ್, ಗ್ವಾನೀನ್‌ಗಳಲ್ಲಿ ಇರುವಂಥದ್ದೇ. ಶಕ್ತಿವಾಹಕವಾದ ಎಟಿಪಿಯಲ್ಲೂ, ನಿದ್ದೆ ತರಿಸುವ ಅಡೆನೊಸಿನ್‌ನಲ್ಲೂ ಅದೇ ಚೌಕಟ್ಟು ಇದೆ. ಹಾಗಾಗಿ ಕೆಫೀನ್ ಜೀವಕೋಶದೊಳಗೆ ಹೋದರೆ ಒಂದೇ ಕಡೆ ಕೈಹಾಕಿ ಸುಮ್ಮನಿರುವುದಿಲ್ಲ. ಅಡೆನೊಸಿನ್ ಕೂರುವ ಗ್ರಾಹಕಗಳಲ್ಲಿ ತಾನು ಕೂರುತ್ತದೆ, ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ, ಪ್ರಮಾಣ ಹೆಚ್ಚಾದರೆ ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನನ್ನು ಹೊರಗೆಡಹುತ್ತದೆ, ಎಟಿಪಿಯನ್ನು ಬಳಸುವ ಕೆಲವು ಕೈನೇಸ್ ಕಿಣ್ವಗಳನ್ನು ಕುಗ್ಗಿಸುತ್ತದೆ. ಕ್ಯಾನ್ಸರ್ ಸಂಶೋಧಕರ ಕಣ್ಣು ನೆಟ್ಟಿದ್ದು ಈ ಕೊನೆಯದರ ಮೇಲೆ.

ಪೆಟ್ಟು ತಿಂದ ಕೋಶ ನಿಂತುಕೊಳ್ಳುವ ಬಗೆ

ಸಿಸ್‌ಪ್ಲಾಟಿನ್, ನೈಟ್ರೋಜನ್ ಮಸ್ಟರ್ಡ್, ಡಾಕ್ಸೊರುಬಿಸಿನ್‌ನಂಥ ಔಷಧಗಳ ಗುರಿ ಡಿಎನ್‌ಎ. ಸಿಸ್‌ಪ್ಲಾಟಿನ್ ಡಿಎನ್‌ಎಯ ನೆರೆಹೊರೆಯ ಕೊಂಡಿಗಳನ್ನು ಪ್ಲಾಟಿನಂನಿಂದ ಒಂದಕ್ಕೊಂದು ಬಿಗಿಯುತ್ತದೆ. ನೈಟ್ರೋಜನ್ ಮಸ್ಟರ್ಡ್ ಎರಡು ಎಳೆಗಳನ್ನು ಅಡ್ಡಡ್ಡವಾಗಿ ಹೊಲಿದುಬಿಡುತ್ತದೆ. ಇಂಥ ಪೆಟ್ಟು ಬಿದ್ದ ಕೋಶ ಕೂಡಲೇ ಸಾಯುವುದಿಲ್ಲ. ವಿಭಜನೆಯ ದಾರಿಯಲ್ಲಿ ಅದಕ್ಕೆ ನಿಲ್ಲಲು ಎರಡು ಮುಖ್ಯ ಘಟ್ಟಗಳಿವೆ. ಡಿಎನ್‌ಎ ನಕಲು ಶುರುವಾಗುವ ಮುನ್ನ ಇರುವುದು ಜಿ1 ಘಟ್ಟ. ನಕಲು ಮುಗಿದು, ಕೋಶ ಎರಡಾಗುವ ಮುನ್ನ ಇರುವುದು ಜಿ2 ಘಟ್ಟ. ಅಲ್ಲಿ ತಡೆದು ನಿಂತು, ಹಾನಿಯನ್ನು ರಿಪೇರಿ ಮಾಡಿಕೊಂಡು, ಆಮೇಲೆ ಮುಂದೆ ಹೋಗುತ್ತದೆ. ಗೆಡ್ಡೆಯ ಕೋಶ ಹೀಗೆ ಸಮಯ ಗಿಟ್ಟಿಸಿಕೊಂಡಷ್ಟೂ ಔಷಧದ ಶ್ರಮ ವ್ಯರ್ಥ.

1982ರಲ್ಲಿ ಆರ್ಥರ್ ಪಾರ್ಡಿ ತಮ್ಮ ಸಹೋದ್ಯೋಗಿ ಲಾವ್ ಜೊತೆಗೂಡಿ ಪ್ರಕಟಿಸಿದ ಪ್ರಯೋಗವನ್ನು ಈ ಕ್ಷೇತ್ರದ ತಿರುವು ಎನ್ನಬಹುದು. ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳಿಗೆ ಅವರು ಸ್ವಲ್ಪವೇ ನೈಟ್ರೋಜನ್ ಮಸ್ಟರ್ಡ್ ಕೊಟ್ಟರು. ಕೋಶಗಳು ಜಿ2 ಘಟ್ಟದಲ್ಲಿ ಗಂಟೆಗಟ್ಟಲೆ ತಡೆದು ನಿಂತು, ಚೇತರಿಸಿಕೊಂಡು, ಬಹುಪಾಲು ಬದುಕಿದವು. ಅದೇ ಪ್ರಮಾಣದ ಔಷಧದ ಜೊತೆಗೆ ಕೆಫೀನನ್ನೂ ಹಾಕಿದಾಗ ಅವು ನಿಲ್ಲಲೇ ಇಲ್ಲ. ಹಾನಿಗೊಂಡ ಡಿಎನ್‌ಎಯನ್ನು ಹೊತ್ತುಕೊಂಡೇ ವಿಭಜನೆಗೆ ನುಗ್ಗಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಂದೇ ದುಂಡಗಿನ ಕೋಶಕೇಂದ್ರ ಇರಬೇಕಾದ ಕಡೆ ಚೂರುಚೂರಾದ ಹಲವು ತುಣುಕುಗಳು. ಕೆಫೀನ್ ತಾನಾಗಿ ಕೋಶವನ್ನು ಕೊಂದಿರಲಿಲ್ಲ, ಕೋಶದ ತಡೆಯನ್ನು ಕಿತ್ತುಹಾಕಿತ್ತು.

ಆ ತಡೆಯನ್ನು ನಡೆಸುವವರು ಯಾರು ಎಂಬುದಕ್ಕೆ ಸುಳಿವು ಒಂದು ಅಪರೂಪದ ಆನುವಂಶಿಕ ಕಾಯಿಲೆಯಿಂದ ಬಂತು. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಇರುವ ಮಕ್ಕಳಿಗೆ ವಿಕಿರಣ ಸ್ವಲ್ಪವೂ ಆಗಿಬರುವುದಿಲ್ಲ. ಅವರ ಕೋಶಗಳು ವಿಕಿರಣ ತಗುಲಿದ ಮೇಲೂ ಡಿಎನ್‌ಎ ನಕಲು ಮಾಡುವುದನ್ನು ನಿಲ್ಲಿಸುವುದಿಲ್ಲ ಎಂದು 1980ರಲ್ಲಿ ಪೇಂಟರ್ ಮತ್ತು ಯಂಗ್ ತೋರಿಸಿದರು. ಕೆಫೀನ್ ಕೊಟ್ಟ ಆರೋಗ್ಯವಂತ ಕೋಶಗಳ ನಡವಳಿಕೆಯೂ ಹೆಚ್ಚುಕಡಿಮೆ ಹೀಗೆಯೇ ಇರುತ್ತಿತ್ತು. ಕಾಯಿಲೆಗೆ ಕಾರಣವಾದ ಎಟಿಎಂ ಎಂಬ ಜೀನ್ 1995ರಲ್ಲಿ ಸಿಕ್ಕಿತು. ಆ ಜೀನ್ ತಯಾರಿಸುವುದು ಅದೇ ಹೆಸರಿನ ಕೈನೇಸ್ ಕಿಣ್ವವನ್ನು, ಅದರ ಸೋದರ ಕಿಣ್ವ ಎಟಿಆರ್. 1999ರಲ್ಲಿ ಸರ್ಕಾರಿಯಾ ಮತ್ತು ಸಂಗಡಿಗರು ಕೆಫೀನ್ ಈ ಎರಡೂ ಕೈನೇಸ್‌ಗಳನ್ನು ತಡೆಯುತ್ತದೆ ಎಂದು ಅಳೆದು ತೋರಿಸಿದಾಗ, ಇಪ್ಪತ್ತು ವರ್ಷಗಳ ಒಗಟು ಬಿಡಿಸಿದಂತೆ ಕಂಡಿತು. ಆದರೆ 2003ರಲ್ಲಿ ಡೇವಿಡ್ ಕಾರ್ಟೆಜ್, ಕೆಫೀನ್ ಕೊಟ್ಟ ಜೀವಂತ ಕೋಶಗಳಲ್ಲಿ ಘಟ್ಟ ಮುರಿದುಬಿದ್ದರೂ ಎಟಿಎಂ, ಎಟಿಆರ್‌ಗಳ ಕೆಲಸ ನಡೆದೇ ಇರುತ್ತದೆ ಎಂದು ವರದಿ ಮಾಡಿದರು. ಪರೀಕ್ಷಾ ನಳಿಕೆಯ ಶುದ್ಧ ಕಿಣ್ವದ ಮೇಲೆ ನಡೆದದ್ದು ಕೋಶದೊಳಗೂ ಹಾಗೆಯೇ ನಡೆಯುತ್ತದೆ ಎಂದುಕೊಳ್ಳುವಂತಿಲ್ಲ. ಕೆಫೀನ್ ಘಟ್ಟವನ್ನು ಮುರಿಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಯಾವ ದಾರಿಯಿಂದ ಎಂಬುದರ ಬಗ್ಗೆ ಮಾತ್ರ ಒಮ್ಮತವಿಲ್ಲ.

ಹಾಗಾದರೆ ಆರೋಗ್ಯವಂತ ಕೋಶಗಳೂ ಇದೇ ಗತಿ ಕಾಣಬೇಕಲ್ಲವೇ? ಇಲ್ಲಿ ಪಿ53 ಎಂಬ ಪ್ರೋಟೀನ್ ಮುಖ್ಯವಾಗುತ್ತದೆ. ಜಿ1 ಘಟ್ಟದ ಕಾವಲು ಇದರದು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನಿನ ಜೀನ್ ಕೆಟ್ಟಿರುತ್ತದೆ. ಅಂಥ ಗೆಡ್ಡೆಗೆ ಜಿ1 ಘಟ್ಟದ ಆಸರೆ ಹೋಗಿ, ಜಿ2 ಒಂದೇ ಉಳಿದಿರುತ್ತದೆ. ಆರೋಗ್ಯವಂತ ಕೋಶಕ್ಕೆ ಎರಡೂ ಇವೆ. ಜಿ2 ಘಟ್ಟವನ್ನು ಮುರಿದರೆ ಗೆಡ್ಡೆಗೆ ಬೀಳುವ ಏಟು ದೇಹದ ಉಳಿದ ಭಾಗಕ್ಕೆ ಅಷ್ಟಾಗಿ ಬೀಳಬಾರದು. 1995ರಲ್ಲಿ ಹಲವು ತಂಡಗಳು ಬೇರೆಬೇರೆಯಾಗಿ ಇದನ್ನೇ ಕಂಡವು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಪಿ53ನ ಕೆಲಸ ಕೆಡಿಸಿದಾಗ, ಸಿಸ್‌ಪ್ಲಾಟಿನ್ ಮತ್ತು ಪೆಂಟಾಕ್ಸಿಫಿಲಿನ್ ಜೋಡಿಗೆ ಅವು ಹೆಚ್ಚು ಸುಲಭವಾಗಿ ಬಲಿಯಾದವು. ಈ ಚಿಕಿತ್ಸಾ ಕಲ್ಪನೆಗೆ ಇರುವ ಅತ್ಯಂತ ಗಟ್ಟಿಯಾದ ತಾರ್ಕಿಕ ನೆಲೆ ಇದು.

ಪ್ರಮಾಣದ ತೊಡಕು

ಇಷ್ಟೆಲ್ಲ ಚೆನ್ನಾಗಿದ್ದ ಕಲ್ಪನೆ ಆಸ್ಪತ್ರೆಯಲ್ಲಿ ಏಕೆ ಸೋತಿತು ಎಂಬುದಕ್ಕೆ ಉತ್ತರ ಒಂದು ಸರಳ ಲೆಕ್ಕದಲ್ಲಿದೆ. ಕೆಫೀನಿನ ಅಣುತೂಕ 194. ಎಂದರೆ ಒಂದು ಲೀಟರಿನಲ್ಲಿ 194 ಮಿಲಿಗ್ರಾಂ ಕರಗಿದ್ದರೆ ಅದರ ಸಾಂದ್ರತೆ 1 ಮಿಲಿಮೋಲಾರ್. 1999ರ ಅಳತೆಯಲ್ಲಿ ಎಟಿಎಂ ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸಲು 0.2 ಮಿಲಿಮೋಲಾರ್ ಕೆಫೀನ್ ಬೇಕಾಯಿತು, ಎಟಿಆರ್‌ಗೆ 1.1 ಮಿಲಿಮೋಲಾರ್. ಲೀಟರಿಗೆ ಸುಮಾರು 39 ಮತ್ತು 213 ಮಿಲಿಗ್ರಾಂ ಎಂದಾಯಿತು. 100 ಮಿಲಿಗ್ರಾಂ ಕೆಫೀನ್ ಇರುವ ಒಂದು ಲೋಟ ಕಾಫಿ ಕುಡಿದವರ ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು. ಎಟಿಆರ್ ಅರ್ಧ ಕುಗ್ಗಬೇಕಾದರೆ ಇದರ ನೂರು ಪಟ್ಟು ಬೇಕು. ಲೀಟರಿಗೆ 15-20 ಮಿಲಿಗ್ರಾಂ ದಾಟುವಾಗಲೇ ವಾಂತಿ, ನಡುಕ, ಎದೆಬಡಿತದ ಏರುಪೇರು ಶುರುವಾಗುತ್ತವೆ. 80 ಮಿಲಿಗ್ರಾಂ ಮುಟ್ಟಿದರೆ ಪ್ರಾಣಾಪಾಯ.

ತಟ್ಟೆಯ ಕೋಶಕ್ಕೆ ಹೃದಯವಿಲ್ಲ, ಮಿದುಳಿಲ್ಲ. ಅದಕ್ಕೆ 2 ಮಿಲಿಮೋಲಾರ್ ಕೆಫೀನ್ ಹಾಕಿ ಕಾದು ನೋಡಬಹುದು, ಮನುಷ್ಯನಿಗೆ ಹಾಕಲಾಗದು. ಕೆಫೀನ್ ಕೀಮೋಥೆರಪಿಯ ಪರಿಣಾಮವನ್ನು ಹೆಚ್ಚಿಸಿತು ಎಂಬ ಸುದ್ದಿಯನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಸಾಂದ್ರತೆಯಲ್ಲಿ ಎಂಬುದು. ಪತ್ರಿಕೆಗಳಲ್ಲಿ ಬಂದ ಎಷ್ಟೋ ವರದಿಗಳಲ್ಲಿ ಆ ಒಂದು ಸಂಖ್ಯೆಯೇ ಇರುವುದಿಲ್ಲ. ಚಿಕಿತ್ಸೆಯಲ್ಲಿರುವವರ ಮನೆಯಲ್ಲಿ ಆ ಸುದ್ದಿಯನ್ನು ಎಷ್ಟು ಆಸೆಯಿಂದ ಓದುತ್ತಾರೆ ಎಂಬುದನ್ನು ನೆನೆದರೆ, ಅದನ್ನು ಬಿಟ್ಟುಬಿಡುವುದು ಸಣ್ಣ ಲೋಪವಲ್ಲ.

ಕನಜಾವಾದ ಮೂಳೆ ಕ್ಯಾನ್ಸರ್ ಚಿಕಿತ್ಸೆ

ಈ ಅಡಚಣೆಯ ನಡುವೆಯೂ ಕೆಫೀನನ್ನು ರೋಗಿಗಳಿಗೆ ದೀರ್ಘಕಾಲ, ಕ್ರಮವಾಗಿ ಕೊಟ್ಟವರು ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ಮೂಳೆ ಶಸ್ತ್ರಚಿಕಿತ್ಸಕರಾದ ಕತ್ಸುರೋ ತೊಮಿತಾ ಮತ್ತು ಹಿರೊಯುಕಿ ತ್ಸುಚಿಯಾ. ಮನುಷ್ಯರ ಸಾರ್ಕೋಮಾ ಕೋಶಗಳ ಮೇಲೆ ಕ್ಯಾನ್ಸರ್ ಔಷಧಗಳ ಪರಿಣಾಮವನ್ನು ಕೆಫೀನ್ ಹೆಚ್ಚಿಸುತ್ತದೆ ಎಂದು ಅವರು 1989ರಲ್ಲಿ ಪ್ರಕಟಿಸಿದರು, ಮುಂದೆ ಅದನ್ನು ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರಿನ ಚಿಕಿತ್ಸೆಗೆ ತಂದರು.

ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಹದಿಹರೆಯದವರಿಗೆ, ಮೂಳೆ ಬೇಗ ಬೆಳೆಯುವ ಜಾಗದಲ್ಲಿ, ಅದರಲ್ಲೂ ಮೊಣಕಾಲಿನ ಸುತ್ತ ಬರುತ್ತದೆ. 1970ರ ದಶಕಕ್ಕೆ ಮುಂಚೆ ಕಾಲನ್ನೇ ಕತ್ತರಿಸಿದರೂ ಬಹುತೇಕ ಮಕ್ಕಳು ಶ್ವಾಸಕೋಶಕ್ಕೆ ಹರಡಿದ ರೋಗದಿಂದ ಸಾಯುತ್ತಿದ್ದರು. ಶಸ್ತ್ರಕ್ರಿಯೆಗೆ ಹಿಂದೆ ಮುಂದೆ ಕೀಮೋಥೆರಪಿ ಕೊಡುವ ಪದ್ಧತಿ ಬಂದ ಮೇಲೆ, ಬೇರೆಡೆ ಹರಡದ ರೋಗದಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಶೇ. 60-70ಕ್ಕೆ ಏರಿತು. ಕನಜಾವಾದಲ್ಲಿ ಸಿಸ್‌ಪ್ಲಾಟಿನ್ ಮತ್ತು ಡಾಕ್ಸೊರುಬಿಸಿನ್ ಜೊತೆಗೆ, ದೇಹದ ಹೊರಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 1.5 ಗ್ರಾಂ ಲೆಕ್ಕದಲ್ಲಿ ಕೆಫೀನನ್ನು ಮೂರು ದಿನ ಎಡೆಬಿಡದೆ ಡ್ರಿಪ್ ಮೂಲಕ ಹರಿಸುತ್ತಿದ್ದರು. 1.6 ಚದರ ಮೀಟರ್ ಹೊರಮೈಯ ಹುಡುಗನಿಗೆ ದಿನಕ್ಕೆ 2.4 ಗ್ರಾಂ, ಎಂದರೆ ಇಪ್ಪತ್ತನಾಲ್ಕು ಲೋಟ ಕಾಫಿಯಷ್ಟು, ಮೂರು ದಿನ ಸತತವಾಗಿ. ರಕ್ತದಲ್ಲಿನ ಮಟ್ಟವನ್ನೂ ಹೃದಯದ ಲಯವನ್ನೂ ಗಮನಿಸುತ್ತ, ಆಸ್ಪತ್ರೆಯ ಹಾಸಿಗೆಯಲ್ಲಿ ಮಾತ್ರ ಮಾಡಬಹುದಾದ ಕೆಲಸ ಇದು.

ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಯನ್ನು ಪರೀಕ್ಷಿಸಿ, ಅದರಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ಸತ್ತಿದ್ದರೆ ಕೀಮೋಥೆರಪಿ ಚೆನ್ನಾಗಿ ಹಿಡಿಯಿತು ಎಂದು ವೈದ್ಯರು ತೀರ್ಮಾನಿಸುತ್ತಾರೆ. ಕನಜಾವಾ ತಂಡದ ವರದಿಗಳಲ್ಲಿ ಹೀಗೆ ಒಳ್ಳೆಯ ಪ್ರತಿಕ್ರಿಯೆ ಕಂಡ ರೋಗಿಗಳು ಬೇರೆ ಕಡೆಯ ಅನುಭವಕ್ಕಿಂತ ಗಮನಾರ್ಹವಾಗಿ ಹೆಚ್ಚು. ಆ ನಂಬಿಕೆಯ ಮೇಲೆ ಅವರು ಗೆಡ್ಡೆಯ ಸುತ್ತ ಕತ್ತರಿಸುವ ಅಂಚನ್ನು ಕಡಿಮೆ ಮಾಡಿ, ಸಾಧ್ಯವಾದಲ್ಲಿ ಕೀಲು, ಅಸ್ಥಿರಜ್ಜು, ನರಗಳನ್ನು ಉಳಿಸಿಕೊಟ್ಟರು. ಹದಿನೈದರ ಹುಡುಗಿಗೆ ಮೊಣಕಾಲು ಮಡಚಲು ಬರುವಂತೆ ಉಳಿಸಿಕೊಡುವುದು ಎಷ್ಟು ದೊಡ್ಡದು ಎಂದು ಹೇಳಬೇಕಾಗಿಲ್ಲ.

ಆದರೆ ಒಂದೇ ಆಸ್ಪತ್ರೆಯ ಆಯ್ದ ರೋಗಿಗಳು, ಒಂದೇ ನುರಿತ ಶಸ್ತ್ರಚಿಕಿತ್ಸಕರ ತಂಡ, ಅದೇ ತಂಡದ ಮೌಲ್ಯಮಾಪನ, ಇವುಗಳಲ್ಲಿ ಕೆಫೀನಿನ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಕೆಫೀನ್ ಸೇರಿಸಿ ಮತ್ತೊಂದಕ್ಕೆ ಸೇರಿಸದೆ ಹೋಲಿಸಿದ ದೊಡ್ಡ ಪ್ರಯೋಗದ ಬೆಂಬಲ ಈ ವಿಧಾನಕ್ಕೆ ಸಿಗಲಿಲ್ಲ. ಜಗತ್ತಿನ ಬಹುಭಾಗದಲ್ಲಿ ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಕೂಟವೇ ಈ ರೋಗದ ಮುಖ್ಯ ಚಿಕಿತ್ಸೆಯಾಗಿ ಉಳಿದಿದೆ.

ಹೋಲಿಕೆಯ ಪ್ರಯೋಗ ಏಕೆ ಬೇಕು ಎಂಬುದನ್ನು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಅನುಭವ ಹೇಳುತ್ತದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು ಸಿಸ್‌ಪ್ಲಾಟಿನ್, ಸೈಟರಬಿನ್ ಮತ್ತು ಕೆಫೀನ್ ಸೇರಿಸಿ ಕೊಟ್ಟ ಮೊದಲ ಸಣ್ಣ ಪ್ರಯೋಗದ ಫಲಿತಾಂಶ 1989ರಲ್ಲಿ ಬಂದಾಗ ಆಸೆ ಮೂಡಿತ್ತು. ಅದನ್ನು ಆಗ ಬಳಕೆಯಲ್ಲಿದ್ದ ಮತ್ತೊಂದು ಔಷಧ ಕೂಟದ ಎದುರು ನಿಲ್ಲಿಸಿ ನೋಡಿದ 1991ರ ವರದಿಯಲ್ಲಿ ಕೆಫೀನ್ ಇದ್ದ ಗುಂಪು ಮೇಲುಗೈ ಪಡೆಯಲಿಲ್ಲ.

ಥಿಯೋಫಿಲಿನ್ ಮತ್ತು ಪೆಂಟಾಕ್ಸಿಫಿಲಿನ್

ಕೆಫೀನಿನ ಬಂಧುಗಳ ಪ್ರಯೋಗಗಳು ಇಷ್ಟು ವಿಸ್ತಾರವಾಗಿ ನಡೆದಿಲ್ಲ. ದೀರ್ಘಕಾಲಿಕ ಲಿಂಫೋಸೈಟಿಕ್ ರಕ್ತ ಕ್ಯಾನ್ಸರಿನ ಕೋಶಗಳಲ್ಲಿ ಥಿಯೋಫಿಲಿನ್ ಮತ್ತು ಕ್ಲೋರಾಂಬುಸಿಲ್ ಎಂಬ ಔಷಧ ಸೇರಿದರೆ ಸಾವು ಕೂಡಿಸಿದ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ ಎಂದು ಫ್ರಾನ್ಸಿನ ಸಂಶೋಧಕರು 1990ರ ದಶಕದ ನಡುವೆ ತೋರಿಸಿದರು. ಇಲ್ಲಿ ಕಾರಣ ಫಾಸ್ಫೋಡೈಎಸ್ಟರೇಸ್ ತಡೆ, ಅದರಿಂದ ಕೋಶದೊಳಗೆ ಏರುವ ಚಕ್ರೀಯ ಎಎಂಪಿ ಎಂಬ ಸಂದೇಶವಾಹಕ ಅಣು ಎಂದು ಭಾವಿಸಲಾಗಿದೆ. ಆಸ್ತಮಾ ರೋಗಿಗಳು ಸಹಿಸುವ ಮಟ್ಟಕ್ಕೆ ಹತ್ತಿರದಲ್ಲೇ ಇದು ನಡೆಯುವುದರಿಂದ ಈ ದಾರಿ ಹೆಚ್ಚು ವಾಸ್ತವವಾದದ್ದು. ಆದರೆ ಆ ರೋಗಕ್ಕೆ ಮುಂದೆ ಹೆಚ್ಚು ಪರಿಣಾಮಕಾರಿಯಾದ ಮಾತ್ರೆಗಳು ಬಂದು ಕ್ಲೋರಾಂಬುಸಿಲ್‌ನ ಜಾಗವೇ ಕಿರಿದಾಯಿತು. ಪೆಂಟಾಕ್ಸಿಫಿಲಿನ್ ಅನ್ನು ಥಯೋಟೆಪಾ ಎಂಬ ಕ್ಯಾನ್ಸರ್ ಔಷಧದ ಜೊತೆ ಕೊಟ್ಟ ಪ್ರಯೋಗಗಳೂ ನಡೆದವು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದಕ್ಕೆ ಸಿಕ್ಕ ಜಾಗ ಬೇರೆಯದು: ವಿಕಿರಣ ಚಿಕಿತ್ಸೆಯ ನಂತರ ಚರ್ಮ ಮತ್ತು ಮಾಂಸ ಗಡುಸಾಗುವುದನ್ನು ಸಡಿಲಿಸಲು ವಿಟಮಿನ್ ಇ ಜೊತೆಗೆ ಕೊಡುತ್ತಾರೆ.

ಔಷಧವನ್ನು ಕೋಶದಿಂದ ಹೊರದಬ್ಬುವ ಎಬಿಸಿಜಿ2 ಎಂಬ ಪಂಪಿನ ಪ್ರಮಾಣವನ್ನು ಈ ಬಳಗದ ಅಣುಗಳು ತಗ್ಗಿಸುತ್ತವೆ ಎಂಬ ವರದಿಯೂ ಇದೆ. ಇಲಿಗಳಲ್ಲಿ ಡಾಕ್ಸೊರುಬಿಸಿನ್ ಗೆಡ್ಡೆಯೊಳಗೆ ಹೆಚ್ಚು ಹೊತ್ತು ಉಳಿಯುವಂತೆ ಕೆಫೀನ್ ಮಾಡುತ್ತದೆ ಎಂದು ಜಪಾನಿನ ಯಾಸುಯುಕಿ ಸಜುಕಾ ಕಂಡರು.

ಕೆಫೀನ್ ಔಷಧಕ್ಕೆ ಅಡ್ಡಬರುವ ಸಂದರ್ಭಗಳು

ಕೆಫೀನ್ ಸೇರಿಸಿದರೆ ಲಾಭವಾಗದಿದ್ದರೂ ನಷ್ಟವಿಲ್ಲ ಎಂದುಕೊಳ್ಳುವುದು ತಪ್ಪು. ಕೆಫೀನಿನ ಅಣು ಚಪ್ಪಟೆ. ಡಾಕ್ಸೊರುಬಿಸಿನ್, ಮೈಟೊಕ್ಸಾಂಟ್ರೋನ್‌ಗಳು ಕೂಡ ಚಪ್ಪಟೆಯಾಗಿದ್ದು, ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳಿ ಕೆಲಸ ಮಾಡುತ್ತವೆ. ದ್ರಾವಣದಲ್ಲಿ ಕೆಫೀನ್ ಹೆಚ್ಚಿದ್ದರೆ ಈ ಔಷಧಗಳು ಇಸ್ಪೀಟೆಲೆಗಳಂತೆ ಕೆಫೀನಿನೊಂದಿಗೇ ಒಂದರ ಮೇಲೊಂದು ಕುಳಿತುಬಿಡುತ್ತವೆ, ಡಿಎನ್‌ಎ ತನಕ ಹೋಗುವುದು ಕಡಿಮೆಯಾಗುತ್ತದೆ. ಟ್ರಾಗಾನೋಸ್, ಕಪುಸ್ಸಿನ್ಸ್‌ಕಿ, ಡಾರ್ಜಿನ್‌ಕೀವಿಚ್ 1991ರಲ್ಲಿ ಇದನ್ನು ಕೋಶಗಳಲ್ಲಿ ತೋರಿಸಿದರು. ಕ್ಯಾಂಪ್ಟೋಥೆಸಿನ್ ಮತ್ತು ಟೋಪೋಟೆಕಾನ್ ಎಂಬ ಕ್ಯಾನ್ಸರ್ ಔಷಧಗಳನ್ನು ಕೊಟ್ಟ ರಕ್ತ ಕ್ಯಾನ್ಸರ್ ಕೋಶಗಳನ್ನು ಕೆಫೀನ್ ಸಾವಿನಿಂದ ಕಾಪಾಡಿದ್ದನ್ನೂ ಆಮೇಲೆ ಕಂಡರು. ಕ್ಯಾಂಪ್ಟೋಥೆಸಿನ್ ನಮಗೆ ದೂರದ ವಸ್ತುವಲ್ಲ, ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ನೊಥಾಪೊಡೈಟಿಸ್ ಮರದಲ್ಲಿ ಅದು ಹೇರಳವಾಗಿದೆ, ಆ ಕಾರಣಕ್ಕೇ ಆ ಮರಕ್ಕೆ ಕೊಡಲಿಯೂ ಬಿದ್ದಿದೆ.

ವಿಕಿರಣದ ವಿಷಯದಲ್ಲೂ ಕೆಫೀನಿಗೆ ಎರಡು ಮುಖ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿದ್ದ ಪಿ. ಸಿ. ಕೇಶವನ್ ಬಾರ್ಲಿ ಬೀಜಗಳಿಂದ ತೊಡಗಿ ಇಲಿಗಳ ತನಕ ಇದನ್ನು ಹಲವು ದಶಕ ಬೆನ್ನುಹತ್ತಿದರು. ಆಮ್ಲಜನಕ ಇರುವ ಕಡೆ ವಿಕಿರಣದಿಂದಾಗುವ ಹಾನಿಯನ್ನು ಕೆಫೀನ್ ತಗ್ಗಿಸುತ್ತದೆ, ಆಮ್ಲಜನಕ ಇಲ್ಲದ ಕಡೆ ಹೆಚ್ಚಿಸುತ್ತದೆ ಎಂಬುದು ಅವರ ಕೆಲಸದ ತಿರುಳು. ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 2005ರಲ್ಲಿ ಅವರು ಬರೆದ ವಿಮರ್ಶಾ ಲೇಖನ ಈ ಬಗ್ಗೆ ಓದಬಯಸುವವರಿಗೆ ಒಳ್ಳೆಯ ಪ್ರವೇಶ. ಗೆಡ್ಡೆಗಳ ಒಳಭಾಗದಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಈ ಕಾಣ್ಕೆಗೆ ಬೆಲೆಯಿದೆ.

ಕೆಫೀನ್ ತೋರಿದ ದಾರಿಯಲ್ಲಿ ಬಂದ ಔಷಧಗಳು

ಘಟ್ಟವನ್ನು ಮುರಿಯಬೇಕು, ಆದರೆ ಹೃದಯ, ಮಿದುಳುಗಳನ್ನು ಮುಟ್ಟಬಾರದು. ಹಾಗಾದರೆ ಎಟಿಆರ್ ಒಂದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಹಿಡಿಯುವ ಅಣು ಬೇಕು. ಬರ್ಜೋಸರ್ಟಿಬ್, ಸೆರಲಾಸರ್ಟಿಬ್, ಎಲಿಮುಸರ್ಟಿಬ್ ಈ ಬಗೆಯವು. ರಚನೆಯಲ್ಲಿ ಇವು ಕೆಫೀನಿನ ಬಂಧುಗಳಲ್ಲ, ಕೆಲಸದಲ್ಲಿ ಅದರ ವಾರಸುದಾರರು.

ಸಿಸ್‌ಪ್ಲಾಟಿನ್ ಮಾದರಿಯ ಔಷಧಗಳಿಗೆ ಬಗ್ಗದ ಅಂಡಾಶಯದ ಕ್ಯಾನ್ಸರ್ ಇದ್ದ 70 ಮಹಿಳೆಯರಲ್ಲಿ ಜೆಮ್‌ಸಿಟಾಬಿನ್ ಒಂದನ್ನೇ ಮತ್ತು ಜೆಮ್‌ಸಿಟಾಬಿನ್ ಜೊತೆ ಬರ್ಜೋಸರ್ಟಿಬ್ ಕೊಟ್ಟು ಹೋಲಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ರೋಗ ಮತ್ತೆ ಮುಂದುವರಿಯುವ ತನಕದ ಮಧ್ಯಮ ಅವಧಿ 14.7 ವಾರದಿಂದ 22.9 ವಾರಕ್ಕೆ ಏರಿತು. ಮೂತ್ರಕೋಶ ಮತ್ತು ಮೂತ್ರನಾಳದ ಕ್ಯಾನ್ಸರಿನಲ್ಲಿ ಸಿಸ್‌ಪ್ಲಾಟಿನ್-ಜೆಮ್‌ಸಿಟಾಬಿನ್ ಕೂಟಕ್ಕೆ ಅದನ್ನೇ ಸೇರಿಸಿದಾಗ ಲಾಭ ಕಾಣಲಿಲ್ಲ. ರಕ್ತಕಣಗಳು ಕುಸಿದು, ಕೆಲಸ ಮಾಡುವ ಸಿಸ್‌ಪ್ಲಾಟಿನ್‌ನ ಪ್ರಮಾಣವನ್ನೇ ಇಳಿಸಬೇಕಾಯಿತು. ಮೂಳೆಮಜ್ಜೆಯ ಕೋಶಗಳೂ ಬಿಡುವಿಲ್ಲದೆ ವಿಭಜನೆಯಾಗುತ್ತಿರುತ್ತವೆ, ಅವುಗಳಿಗೂ ಎಟಿಆರ್ ಬೇಕು. ಪಿ53 ಇದ್ದಲ್ಲಿ ಆರೋಗ್ಯವಂತ ಕೋಶ ಪಾರಾಗುತ್ತದೆ ಎಂಬ ತರ್ಕ ಮಜ್ಜೆಯ ಮಟ್ಟಿಗೆ ಪೂರ್ತಿ ನಿಲ್ಲಲಿಲ್ಲ.

ಇನ್ನೊಂದು ದಾರಿ ಅಡೆನೊಸಿನ್‌ನದು. ನನ್ನ ದೃಷ್ಟಿಯಲ್ಲಿ ಹೆಚ್ಚು ಕುತೂಹಲದ್ದು ಇದೇ, ಏಕೆಂದರೆ ಕಾಫಿ ಕುಡಿದವರ ರಕ್ತದಲ್ಲಿ ಸಿಗುವ ಮಟ್ಟದಲ್ಲೇ ಕೆಫೀನ್ ಕೆಲಸ ಮಾಡುವುದು ಅಡೆನೊಸಿನ್ ಗ್ರಾಹಕಗಳ ಮೇಲೆ. ಗೆಡ್ಡೆಯ ಸುತ್ತ ಅಡೆನೊಸಿನ್ ದಟ್ಟವಾಗಿ ಶೇಖರವಾಗಿ, ಎ2ಎ ಎಂಬ ಗ್ರಾಹಕದ ಮೂಲಕ ರೋಗನಿರೋಧಕ ಟಿ ಕೋಶಗಳನ್ನು ಮಂಕಾಗಿಸುತ್ತದೆ. 2006ರಲ್ಲಿ ಒಹ್ತಾ, ಸಿಟ್ಕೋವ್‌ಸ್ಕಿ ಮತ್ತು ಸಂಗಡಿಗರು ಈ ಗ್ರಾಹಕವಿಲ್ಲದ ಇಲಿಗಳು ಗೆಡ್ಡೆಯನ್ನು ತಾವೇ ಹಿಮ್ಮೆಟ್ಟಿಸುವುದನ್ನು ತೋರಿಸಿದರು. ಡಾಕ್ಸೊರುಬಿಸಿನ್‌ನಂಥ ಔಷಧದಿಂದ ಸಾಯುವ ಕೋಶಗಳು ಎಟಿಪಿಯನ್ನು ಹೊರಚೆಲ್ಲುತ್ತವೆ, ಸಿಡಿ39, ಸಿಡಿ73 ಎಂಬ ಕಿಣ್ವಗಳು ಅದನ್ನು ಹಂತಹಂತವಾಗಿ ಅಡೆನೊಸಿನ್ ಆಗಿ ಪರಿವರ್ತಿಸುತ್ತವೆ. ಒಂದು ಜಾತಿಯ ಸ್ತನ ಕ್ಯಾನ್ಸರಿನಲ್ಲಿ ಸಿಡಿ73 ಹೆಚ್ಚಿದ್ದರೆ ಈ ಔಷಧ ಸರಿಯಾಗಿ ಹಿಡಿಯುವುದಿಲ್ಲ ಎಂದು 2013ರ ಅಧ್ಯಯನ ಹೇಳುತ್ತದೆ. ಎ2ಎಯನ್ನು ಮಾತ್ರ ತಡೆಯುವ ಔಷಧಗಳು ಕ್ಯಾನ್ಸರ್ ಪ್ರಯೋಗಗಳಲ್ಲಿವೆ. ಇದೇ ಗ್ರಾಹಕವನ್ನು ತಡೆಯುವ, ಜಾಂಥೀನ್ ಚೌಕಟ್ಟಿನ ಇಸ್ಟ್ರಡೆಫಿಲಿನ್ ಪಾರ್ಕಿನ್ಸನ್ ಕಾಯಿಲೆಗೆ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದಿದೆ.

ಚಿಕಿತ್ಸೆಯಲ್ಲಿರುವವರು ಮತ್ತು ಕಾಫಿ

ಭಾರತದ ಕಾಫಿಯ ಸುಮಾರು ಶೇ. 70 ಬೆಳೆಯುವ ನಾಡಿನಲ್ಲಿ ಈ ಪ್ರಶ್ನೆ ಸಹಜವಾಗಿ ಏಳುತ್ತದೆ: ಕೀಮೋಥೆರಪಿ ತೆಗೆದುಕೊಳ್ಳುವಾಗ ಕಾಫಿ ಹೆಚ್ಚು ಕುಡಿದರೆ ಒಳ್ಳೆಯದೇ? ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಕಾಫಿ ಕುಡಿಯುವವರು ಹೆಚ್ಚು ಕಾಲ ಬದುಕಿದ್ದನ್ನು ಅಮೆರಿಕದ ಅಧ್ಯಯನಗಳು ಗುರುತಿಸಿವೆ. 2020ರ ವರದಿಯಲ್ಲಿ ಕೆಫೀನ್ ತೆಗೆದ ಕಾಫಿ ಕುಡಿದವರಲ್ಲೂ ಅದೇ ಒಲವು ಕಂಡಿತು. ಹಾಗಾಗಿ ಅದನ್ನು ಕೆಫೀನಿನ ಲೆಕ್ಕಕ್ಕೆ ಬರೆಯುವಂತಿಲ್ಲ, ಜೊತೆಗೆ ಆರೋಗ್ಯ ಸ್ವಲ್ಪ ಚೆನ್ನಾಗಿರುವವರೇ ಕಾಫಿ ಕುಡಿಯುವುದನ್ನು ಮುಂದುವರಿಸುತ್ತಾರೆ ಎಂಬ ಸಾಧ್ಯತೆಯೂ ಇದೆ. ಔಷಧದ ಬಲ ಹೆಚ್ಚಿಸಲೆಂದು ಕಾಫಿ ಹೆಚ್ಚಿಸಲು ಯಾವ ಆಧಾರವೂ ಇಲ್ಲ. ರುಚಿಗೆ, ರೂಢಿಗೆ ಕುಡಿಯುವ ಒಂದೆರಡು ಲೋಟವನ್ನು ವೈದ್ಯರು ಬೇಡ ಎನ್ನದಿದ್ದರೆ ಬಿಡಬೇಕಾಗಿಯೂ ಇಲ್ಲ.

ಗಮನಿಸಬೇಕಾದ ಸಂಗತಿಗಳು ಬೇರೆ ಇವೆ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಮೊದಲೇ ನಿದ್ದೆ ಕೆಡಿಸುತ್ತದೆ, ಸಂಜೆಯ ಕಾಫಿ ಅದಕ್ಕೆ ಜೊತೆಯಾಗುತ್ತದೆ. ರೋಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುವುದರಿಂದ ಲೋಟದ ಲೆಕ್ಕ ಮನೆಯಿಂದ ಮನೆಗೆ ಬದಲಾಗುತ್ತದೆ. ಕೆಫೀನನ್ನು ಯಕೃತ್ತಿನಲ್ಲಿ ಒಡೆಯುವುದು ಸಿವೈಪಿ1ಎ2 ಎಂಬ ಕಿಣ್ವ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಇಳಿದು ಜ್ವರ ಬಂದವರಿಗೆ ಕೆಲವೊಮ್ಮೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಅದೇ ಎರಡು ಲೋಟ ಕಾಫಿ ರಕ್ತದಲ್ಲಿ ಬಹಳ ಹೊತ್ತು ಉಳಿದು, ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಕಾಣಿಸಬಹುದು. ಆಸ್ತಮಾಕ್ಕೆ ಥಿಯೋಫಿಲಿನ್ ಮಾತ್ರೆಯನ್ನೂ ನುಂಗುತ್ತಿರುವ ರೋಗಿಗೆ ಇದು ಇನ್ನೂ ಅಪಾಯ, ಏಕೆಂದರೆ ಥಿಯೋಫಿಲಿನ್ ಅನ್ನು ಒಡೆಯುವುದೂ ಮುಖ್ಯವಾಗಿ ಅದೇ ಕಿಣ್ವ, ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ಅದರಲ್ಲಿ ತೀರಾ ಕಡಿಮೆ. ಇಂಥವರು ತಾವು ಯಾವ ಮಾತ್ರೆ ನುಂಗುತ್ತೇವೆ, ದಿನಕ್ಕೆ ಎಷ್ಟು ಕಾಫಿ, ಚಹಾ ಕುಡಿಯುತ್ತೇವೆ ಎಂಬುದನ್ನು ಕೀಮೋಥೆರಪಿ ಶುರುವಾಗುವ ಮುನ್ನವೇ ವೈದ್ಯರಿಗೆ ಹೇಳಿಬಿಡಬೇಕು.